ಪ್ರಾಸ್ಟೇಟ್ ಊತ, ರಾತ್ರಿಯ ಎಚ್ಚರ ಮತ್ತು ಮನೆಯಲ್ಲೇ ನಡೆದ ಆರೈಕೆ

ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ ಎಂದು ಮೂತ್ರರೋಗ ತಜ್ಞರು ಹೇಳಿದ ದಿನದಿಂದ, ಸದ್ಯಕ್ಕೆ ಶಸ್ತ್ರಚಿಕಿತ್ಸೆ ಬೇಡ, ಮನೆಯಲ್ಲೇ ಹೀಗೆ ಮುಂದುವರಿಯಿರಿ ಎಂದು ಅವರೇ ಹೇಳುವವರೆಗೆ ಒಂದು ವರ್ಷಕ್ಕಿಂತ ತುಸು ಹೆಚ್ಚು ಕಾಲ ಹಿಡಿಯಿತು. ಈ ಅವಧಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕಾಯಿಲೆಯೋ ಅದರ ಚಿಂತೆಯೋ ಎಂದು ಯಾರಾದರೂ ಕೇಳಿದರೆ ಎರಡನ್ನೂ ಬಿಡಿಸಿ ಹೇಳುವುದು ಕಷ್ಟ. ಮಂಡ್ಯ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತನಾಗಿ, ಈಗ ಮೈಸೂರಿನ ಕುವೆಂಪುನಗರದಲ್ಲಿ ಪತ್ನಿಯೊಂದಿಗೆ ಇರುವ ನನಗೆ ಅರವತ್ತಾರು ವರ್ಷ. ನನ್ನ ವಯಸ್ಸಿನ ಗಂಡಸರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗಾದರೂ ಈ ಗ್ರಂಥಿ ಬೆಳೆದಿರುತ್ತದೆ. ಆದರೂ ಬೆಳಗಿನ ನಡಿಗೆಯ ಗುಂಪಿನಲ್ಲಿ ಮಂಡಿನೋವು, ರಕ್ತದೊತ್ತಡಗಳ ಬಗ್ಗೆ ಗಟ್ಟಿಯಾಗಿ ಮಾತಾಡುವವರು ಈ ವಿಷಯ ಬಂದಾಗ ದನಿ ತಗ್ಗಿಸುತ್ತಾರೆ. ಮುಂದೆ ಇದೇ ದಾರಿಯಲ್ಲಿ ಹೋಗಬೇಕಾದವರಿಗೆ ಗೊಂದಲ ಸ್ವಲ್ಪ ಕಡಿಮೆಯಾಗಲಿ ಎಂದು ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲು ಶುರುವಾದದ್ದು ರಾತ್ರಿಯ ಎಚ್ಚರ. ಆಮೇಲೆ ಮೂತ್ರಕ್ಕೆ ನಿಂತರೆ ಬೇಗ ಬಾರದಿರುವುದು, ಬಂದರೂ ಧಾರೆ ಸಣ್ಣಗಾಗಿ ನಡುನಡುವೆ ನಿಲ್ಲುವುದು, ಮುಗಿಯಿತೆಂದು ಹೊರಬಂದ ಮೇಲೆ ಪಂಚೆಯ ಮೇಲೆ ನಾಲ್ಕು ಹನಿ ಬೀಳುವುದು ಒಂದೊಂದಾಗಿ ಸೇರಿಕೊಂಡವು. "ಏನ್ರೀ, ಮತ್ತೆ ಎದ್ರಾ? ಸಕ್ಕರೆ ಏನಾದ್ರೂ ಬಂದಿದೆಯೇನೋ, ಒಂದ್ಸಲ ನೋಡಿಸ್ಕೊಂಡ್ಬಿಡಿ" ಎಂದು ನನ್ನ ಪತ್ನಿ ಹೇಳಿದ್ದರಿಂದ ನಮ್ಮ ಬಡಾವಣೆಯ ವೈದ್ಯರ ಬಳಿ ಹೋದೆ. ಸಕ್ಕರೆ ಇರಲಿಲ್ಲ. ಅವರು ಒಂದು ಹಾಳೆಯನ್ನು ಮುಂದಿಟ್ಟು ಏಳು ಪ್ರಶ್ನೆಗಳನ್ನು ಕೇಳಿದರು: ಪೂರ್ತಿ ಖಾಲಿಯಾಗದ ಭಾವನೆ, ಎರಡು ಗಂಟೆಯೊಳಗೆ ಮತ್ತೆ ಹೋಗಬೇಕಾಗುವುದು, ಧಾರೆ ನಿಂತು ನಿಂತು ಬರುವುದು, ತಡೆಯಲಾಗದ ಅವಸರ, ಬಲವಿಲ್ಲದ ಧಾರೆ, ತಿಣುಕಬೇಕಾಗುವುದು, ರಾತ್ರಿ ಏಳುವುದು. ಪ್ರತಿಯೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ, ಒಟ್ಟು 35. ಏಳರವರೆಗೆ ಬಂದರೆ ಸೌಮ್ಯ, 8ರಿಂದ 19ರವರೆಗೆ ಮಧ್ಯಮ, 20 ಅಥವಾ ಅದಕ್ಕಿಂತ ಹೆಚ್ಚಾದರೆ ತೀವ್ರ. ನನಗೆ ಬಂದದ್ದು 21. ಜೀವಮಾನವಿಡೀ ಇತರರಿಗೆ ಅಂಕ ಹಾಕಿದವನಿಗೆ ಇಷ್ಟು ಬೇಡದ ಅಂಕ ಎಂದೂ ಸಿಕ್ಕಿರಲಿಲ್ಲ. ಎಂಟನೆಯದಾಗಿ, ಉಳಿದ ಬದುಕನ್ನು ಹೀಗೆಯೇ ಕಳೆಯಬೇಕಾದರೆ ಹೇಗನ್ನಿಸುತ್ತದೆ ಎಂಬ ಪ್ರಶ್ನೆಯೂ ಇರುತ್ತದೆ. ಅದಕ್ಕೆ ಸಂಕೋಚಪಡದೆ ಉತ್ತರಿಸಿ. ಮಾತ್ರೆ ಬೇಕೇ, ಬರಿಯ ಗಮನ ಸಾಕೇ ಎಂದು ನಿರ್ಧರಿಸುವಾಗ ವೈದ್ಯರು ಅದನ್ನೂ ತೂಗಿ ನೋಡುತ್ತಾರೆ.

ತಜ್ಞರ ಬಳಿಗೆ ಹೋಗುವಾಗ ಈಗಾಗಲೇ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನು ಬರೆದುಕೊಂಡು ಹೋಗಬೇಕು. ನನ್ನ ಪಟ್ಟಿಯಲ್ಲಿದ್ದ ರಕ್ತದೊತ್ತಡದ ಮಾತ್ರೆಯೊಂದು ಈ ಕಥೆಯಲ್ಲಿ ಮುಂದೆ ಮತ್ತೆ ಬರುತ್ತದೆ. ತಜ್ಞರು ನನ್ನ ಊರು ಕೇಳಿಕೊಂಡು, "ಮಂಡ್ಯದವರಿಗೆ ಹೇಳೋದು ಸುಲಭ ಸಾರ್, ಕೆರೇಲಿ ನೀರೆಷ್ಟಿದ್ದರೇನು, ತೂಬು ಬಿಗಿಯಾದರೆ ಗದ್ದೆಗೆ ಹರಿಯಲ್ಲ" ಎಂದು ನಕ್ಕರು. ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು ಕೂತಿರುವ ಈ ಗ್ರಂಥಿ ಯೌವನದಲ್ಲಿ ಸುಮಾರು 20 ಗ್ರಾಂ ತೂಗುತ್ತದೆ. ವಯಸ್ಸಾದಂತೆ ಬೆಳೆದು ನಾಳವನ್ನು ಒತ್ತುತ್ತದೆ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಮಾರ್ಪಡುವುದೂ ಇಲ್ಲ. ಆದರೆ ಎರಡೂ ಒಬ್ಬನಲ್ಲೇ ಇರಬಹುದಾದ್ದರಿಂದ ಪರೀಕ್ಷೆ ಮಾಡಿಯೇ ಹೇಳಬೇಕು ಎಂದು ಅವರು ವಿವರಿಸಿದರು. ಬೆರಳಿನಿಂದ ಮಾಡುವ ಗುದದ್ವಾರದ ಪರೀಕ್ಷೆಯ ಬಗ್ಗೆ ಅನೇಕರಿಗೆ ಅಳುಕಿದೆ. ಅದು ಒಂದು ನಿಮಿಷದೊಳಗೆ ಮುಗಿಯುತ್ತದೆ, ಮುಜುಗರವಿರುತ್ತದೆ, ನೋವು ಅಷ್ಟಿಲ್ಲ.

ಆಮೇಲೆ ಬಂದದ್ದು ಪರೀಕ್ಷೆಗಳ ಸರಣಿ: ಮೂತ್ರದ ಸಾಮಾನ್ಯ ಪರೀಕ್ಷೆ, ಕಲ್ಚರ್, ಕ್ರಿಯಾಟಿನಿನ್, ಪ್ರಾಸ್ಟೇಟ್ ಸ್ರವಿಸುವ ಪ್ರೋಟೀನನ್ನು ರಕ್ತದಲ್ಲಿ ಅಳೆದು ಕ್ಯಾನ್ಸರಿನ ಸುಳಿವಿದೆಯೇ ಎಂದು ನೋಡುವ ಪಿಎಸ್‌ಎ, ಹೊಟ್ಟೆಯ ಸ್ಕ್ಯಾನಿಂಗ್ ಮತ್ತು ಯೂರೋಫ್ಲೋ. ಸ್ಕ್ಯಾನಿಂಗ್‌ಗೆ ಮೂತ್ರಕೋಶ ತುಂಬಿರಬೇಕೆಂದು ನೀರು ಕುಡಿಸಿ ಕೂರಿಸಿದರು. ನನ್ನ ಹಿಂದೆ ಬಂದವರೂ ಒಳಗೆ ಹೋಗಿಬಂದರು, ನನ್ನ ಸರದಿ ಬರಲಿಲ್ಲ. ಕೊನೆಗೆ ಒಳಗೆ ಹೋಗುವಷ್ಟರಲ್ಲಿ ಕಾಲು ಅಲ್ಲಾಡಿಸದೆ ಕೂರಲಾಗದ ಸ್ಥಿತಿಗೆ ಬಂದಿದ್ದೆ. ಮೊದಲು ತುಂಬಿದ ಮೂತ್ರಕೋಶವನ್ನು ನೋಡಿ, ಅನಂತರ ಮೂತ್ರ ಮಾಡಿಸಿ, ಒಳಗೆ ಎಷ್ಟು ಉಳಿದಿದೆ ಎಂದು ಮತ್ತೆ ಅಳೆಯುತ್ತಾರೆ. ಅತಿಯಾಗಿ ತುಂಬಿಸಿಕೊಂಡರೆ ಸ್ನಾಯು ಸೋತು, ಉಳಿಕೆ ನಿಜಕ್ಕಿಂತ ಹೆಚ್ಚು ಕಾಣಿಸುತ್ತದೆ. ಆದ್ದರಿಂದ ತಡೆಯಲಾರದಷ್ಟು ಒತ್ತಡ ಬಂದರೆ ಸುಮ್ಮನೆ ಸಹಿಸಿಕೊಂಡು ಕೂರದೆ ಅಲ್ಲಿಯ ಸಿಬ್ಬಂದಿಗೆ ಹೇಳಿಬಿಡಬೇಕು.

ಯೂರೋಫ್ಲೋದ ಪಾಡು ಇನ್ನೊಂದು ಬಗೆಯದು. ಕೊಳವೆಯಂತಹ ಬಾಯಿಯ ಕೆಳಗೆ ಒಂದು ಪಾತ್ರೆ, ಅದಕ್ಕೆ ಜೋಡಿಸಿದ ಯಂತ್ರ. ನಾವು ಮಾಮೂಲಾಗಿ ಮೂತ್ರ ಮಾಡಿದರೆ ಅದು ವೇಗದ ನಕ್ಷೆ ಬರೆಯುತ್ತದೆ. ಕನಿಷ್ಠ 150 ಮಿಲಿಲೀಟರ್ ಬಂದರೆ ಮಾತ್ರ ಆ ನಕ್ಷೆಗೆ ಬೆಲೆ. ಬಾಗಿಲಿನ ಚಿಲಕ ಸರಿಯಾಗಿ ಕೂರುತ್ತಿರಲಿಲ್ಲ. ಹೊರಗೆ ಕಾಯುತ್ತಿದ್ದವರ ಮಾತು ಕೇಳಿಸುತ್ತಿತ್ತು, ನಡುವೆ ಯಾರೋ "ಆಯ್ತಾ ಯಜಮಾನ್ರೇ?" ಎಂದು ಬಾಗಿಲು ಬಡಿದರು. ಹೊಟ್ಟೆ ತುಂಬಿ ನೋಯುತ್ತಿದ್ದರೂ ಒಂದು ಹನಿ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಬಂದದ್ದು ನಕ್ಷೆಗೆ ಸಾಲಲಿಲ್ಲ. ಬೇರೊಂದು ದಿನ ಬೆಳಿಗ್ಗೆ, ಜನ ಸೇರುವ ಮುಂಚೆ ಹೋಗಿ ಮಾಡಿಸಿಕೊಂಡಾಗ ಸರಿಯಾದ ನಕ್ಷೆ ಸಿಕ್ಕಿತು. ಯಾರಿಗಾದರೂ ಹೀಗಾದರೆ, ನೆರಳಿನಂತೆ ಹಿಂಬಾಲಿಸುವ ಆ ಅವಮಾನವನ್ನು ಮನೆಗೆ ತರಬೇಡಿ. ಮತ್ತೊಮ್ಮೆ ಮಾಡಿಸಿ ಎಂದು ಕೇಳುವುದು ರೋಗಿಯ ಹಕ್ಕು.

ವರದಿಗಳು ಬಂದಾಗ ಗ್ರಂಥಿ 42 ಗ್ರಾಂ, ಗರಿಷ್ಠ ವೇಗ ಸೆಕೆಂಡಿಗೆ 8 ಮಿಲಿಲೀಟರ್, ಮೂತ್ರದ ನಂತರದ ಉಳಿಕೆ 110 ಮಿಲಿಲೀಟರ್ ಎಂದಿತ್ತು. ವೇಗ 15ಕ್ಕಿಂತ ಮೇಲಿದ್ದರೆ ನೆಮ್ಮದಿ, ಹತ್ತಕ್ಕಿಂತ ಕೆಳಗಿದ್ದರೆ ಅಡ್ಡಿಯಿರುವ ಸಂಭವ ಹೆಚ್ಚು. ಕ್ರಿಯಾಟಿನಿನ್ ಸರಿಯಾಗಿತ್ತು, ಅಂದರೆ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿರಲಿಲ್ಲ. ಆದರೆ ಪಿಎಸ್‌ಎ 6.8 ಬಂದಿತ್ತು. ಸಾಮಾನ್ಯವಾಗಿ 4 ದಾಟಿದರೆ ಗಮನ ಕೊಡುತ್ತಾರೆ. ಕಲ್ಚರ್‌ನಲ್ಲಿ ಸೋಂಕು ಸಿಕ್ಕಿದ್ದರಿಂದ, ಸೋಂಕಿನಿಂದಲೇ ಪಿಎಸ್‌ಎ ಏರಿರಬಹುದು, ಆ್ಯಂಟಿಬಯೋಟಿಕ್ ಮುಗಿಸಿ ಆರು ವಾರದ ನಂತರ ಮತ್ತೆ ನೋಡೋಣ, ಅಲ್ಲಿಯವರೆಗೆ ಯಾವ ತೀರ್ಮಾನವೂ ಬೇಡ ಎಂದು ವೈದ್ಯರು ಹೇಳಿದರು. ಅಂದೇ ಟ್ಯಾಮ್ಸುಲೋಸಿನ್ ಎಂಬ ಮಾತ್ರೆ, 0.4 ಮಿಲಿಗ್ರಾಂ, ಶುರುವಾಯಿತು.

ಆ ಆರು ವಾರಗಳು ಇಡೀ ವರ್ಷದಲ್ಲೇ ಅತ್ಯಂತ ದೀರ್ಘವಾದವು. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ "ಅಪ್ಪಾ, ಡಾಕ್ಟ್ರು ಹೇಳಿದ್ದನ್ನ ಬಿಟ್ಟು ಬೇರೇನೂ ಓದ್ಬೇಡಿ" ಎನ್ನುತ್ತಿದ್ದ, ತಾನು ಮಾತ್ರ ಓದಿದ್ದನ್ನೆಲ್ಲ ತಾಯಿಗೆ ಹೇಳುತ್ತಿದ್ದ. ರಾತ್ರಿ ಮೂತ್ರಕ್ಕೆಂದು ಎದ್ದವನಿಗೆ ಆ 6.8 ನೆನಪಾಗಿ ನಿದ್ದೆ ಹಾರುತ್ತಿತ್ತು. ನಿದ್ದೆಯಿಲ್ಲದೆ ಮಲಗಿದವನಿಗೆ ಮೂತ್ರಕೋಶದಲ್ಲಿ ಸ್ವಲ್ಪವೇ ಇದ್ದರೂ ಅದರ ಅರಿವಾಗುತ್ತಿತ್ತು. ಇದರ ಹಿಂದೆ ದೇಹದ ಕಾರಣವೂ ಇದೆ ಎಂದು ಆಮೇಲೆ ತಿಳಿಯಿತು. ಆತಂಕವಾದಾಗ ಹೆಚ್ಚುವ ಅಡ್ರಿನಲಿನ್ ಬಗೆಯ ಸಂಕೇತಗಳು ಮೂತ್ರಕೋಶದ ಕುತ್ತಿಗೆ ಮತ್ತು ಪ್ರಾಸ್ಟೇಟಿನೊಳಗಿನ ನಯವಾದ ಸ್ನಾಯುಗಳನ್ನು ಬಿಗಿಗೊಳಿಸುತ್ತವೆ. ಟ್ಯಾಮ್ಸುಲೋಸಿನ್ ಸಡಿಲಿಸುವುದು ಅದೇ ಸ್ನಾಯುಗಳನ್ನು. ಅಂದರೆ ಮಾತ್ರೆ ಒಂದು ಕಡೆ ಸಡಿಲಿಸುತ್ತಿದ್ದರೆ ನನ್ನ ಚಿಂತೆ ಇನ್ನೊಂದು ಕಡೆ ಬಿಗಿಯುತ್ತಿತ್ತು. ಗ್ರಂಥಿಯ ತೂಕವನ್ನು ಚಿಂತೆ ಹೆಚ್ಚಿಸುವುದಿಲ್ಲ. ಇರುವ ತೂಕವನ್ನು ಸಹಿಸುವ ಶಕ್ತಿಯನ್ನು ಖಂಡಿತ ಕಡಿಮೆ ಮಾಡುತ್ತದೆ.

ಟ್ಯಾಮ್ಸುಲೋಸಿನ್ ಬಗ್ಗೆ ಒಂದೆರಡು ಮಾತು. ಅದನ್ನು ಪ್ರತಿದಿನ ಒಂದೇ ಊಟದ ಅರ್ಧ ಗಂಟೆಯ ನಂತರ ನುಂಗಬೇಕು. ನಾನು ರಾತ್ರಿಯೂಟಕ್ಕೆ ಹೊಂದಿಸಿಕೊಂಡೆ. ಮೊದಲ ವಾರ ಹಾಸಿಗೆಯಿಂದ ಏಳುವಾಗ ತಲೆ ತಿರುಗುತ್ತಿತ್ತು, ಏಕೆಂದರೆ ಅದು ರಕ್ತದೊತ್ತಡವನ್ನೂ ತುಸು ಇಳಿಸುತ್ತದೆ. ಎದ್ದು ಕೂತು, ಕಾಲು ಇಳಿಬಿಟ್ಟು, ಒಂದು ನಿಮಿಷ ಕಳೆದ ಮೇಲೆ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡೆ. ಹಾಸಿಗೆಯಿಂದ ಬಚ್ಚಲಿನವರೆಗೆ ಒಂದು ಸಣ್ಣ ದೀಪ ಹಾಕಿಸಿ, ದಾರಿಯಲ್ಲಿದ್ದ ಕಾಲೊರಸನ್ನು ತೆಗೆಸಿದೆವು. ಈ ವಯಸ್ಸಿನಲ್ಲಿ ಮೂತ್ರಕ್ಕೆ ಎದ್ದು ಬಿದ್ದು ಸೊಂಟ ಮುರಿದುಕೊಂಡರೆ ಪ್ರಾಸ್ಟೇಟಿಗಿಂತ ದೊಡ್ಡ ಅನಾಹುತ. ಈ ಮಾತ್ರೆಯಿಂದ ವೀರ್ಯ ಹೊರಗೆ ಬಾರದಿರುವುದೂ ಉಂಟು, ಹೆದರಬೇಕಿಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಹೋಗುವವರು ಈ ಮಾತ್ರೆಯನ್ನು ಎಂದಾದರೂ ತೆಗೆದುಕೊಂಡಿದ್ದರೆ ಕಣ್ಣಿನ ವೈದ್ಯರಿಗೆ ಮೊದಲೇ ತಿಳಿಸಲೇಬೇಕು. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಕಣ್ಣಿನ ಪಾಪೆಯ ಸುತ್ತಲಿನ ಪರದೆ ಸಡಿಲವಾಗಿ ತೊಂದರೆ ಕೊಡುತ್ತದೆ.

ಈ ನಡುವೆ ವೈದ್ಯರು ಮೂರು ದಿನಗಳ ಮೂತ್ರದ ದಾಖಲೆ ಬರೆಯಲು ಹೇಳಿದ್ದರು. ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಜಗ್ ಒಂದನ್ನು ದೇವರಾಜ ಮಾರುಕಟ್ಟೆಯ ಕಡೆ ಹೋದಾಗ ತಂದು, ಅದರ ಮೇಲೆ ದೊಡ್ಡದಾಗಿ ಗುರುತು ಹಾಕಿ ಬಚ್ಚಲಿನಲ್ಲಿಟ್ಟೆ. ಹಳೆಯ ಹಾಜರಿ ಪುಸ್ತಕದಂತೆ ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ಕುಡಿದದ್ದು, ಹೋದದ್ದು, ಸಮಯ, ಅವಸರವಿತ್ತೇ ಎಂಬ ನಾಲ್ಕು ಅಂಕಣ. ಇಡೀ ವರ್ಷದ ಅತ್ಯಂತ ಉಪಯುಕ್ತ ಪರೀಕ್ಷೆ ಇದೇ, ಇದಕ್ಕೆ ಖರ್ಚಾದದ್ದು ಜಗ್ಗಿನ ಬೆಲೆ ಮಾತ್ರ. ನಾನು ದಿನದಲ್ಲಿ ಮಾಡುವ ಮೂತ್ರದಲ್ಲಿ ಅರ್ಧದಷ್ಟು ಮಲಗಿದ ಮೇಲೆಯೇ ಬರುತ್ತಿದೆ ಎಂಬುದು ಆ ಪುಟಗಳಲ್ಲಿ ಕಂಡಿತು. ಹಿರಿಯರಲ್ಲಿ ಇಡೀ ದಿನದ ಮೂತ್ರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ರಾತ್ರಿಯೇ ಬಂದರೆ ಅದರ ಕಾರಣ ಪ್ರಾಸ್ಟೇಟ್ ಮಾತ್ರ ಆಗಿರಲಾರದು. ವೈದ್ಯರು ನನ್ನ ಕಾಲುಚೀಲ ಇಳಿಸಿ ಪಾದದ ಮೇಲೆ ಹೆಬ್ಬೆರಳಿನಿಂದ ಒತ್ತಿದರು. ಗುಳಿ ಬಿದ್ದದ್ದು ಹಾಗೆಯೇ ಉಳಿಯಿತು. ರಕ್ತದೊತ್ತಡಕ್ಕೆ ನಾನು ತೆಗೆದುಕೊಳ್ಳುತ್ತಿದ್ದ ಆ್ಯಮ್ಲೋಡಿಪಿನ್‌ನಿಂದ ಕಾಲಿನಲ್ಲಿ ನೀರು ನಿಲ್ಲುವುದುಂಟು. ಹಗಲು ಕಾಲಿನಲ್ಲಿ ಇಳಿದ ನೀರು ರಾತ್ರಿ ಮಲಗಿದಾಗ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ನಮ್ಮ ಬಡಾವಣೆಯ ವೈದ್ಯರೊಂದಿಗೆ ಮಾತಾಡಿ ಅವರು ಆ ಮಾತ್ರೆಯನ್ನು ಬದಲಾಯಿಸಿದರು. ಸಂಜೆ ಒಂದು ಗಂಟೆ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟು ಮಲಗಲು, ರಾತ್ರಿಯೂಟದಲ್ಲಿ ಉಪ್ಪಿನಕಾಯಿ, ಹಪ್ಪಳಗಳನ್ನು ಬಿಡಲು ಹೇಳಿದರು. ಗ್ರಂಥಿಗೆ ಏನೂ ಮಾಡದೆಯೇ ರಾತ್ರಿಯ ಏಳುವಿಕೆ ಕಡಿಮೆಯಾಯಿತು. ರಕ್ತದೊತ್ತಡದ ಮಾತ್ರೆಯನ್ನು ಯಾರೂ ತಾವೇ ನಿಲ್ಲಿಸಬಾರದು ಎಂಬುದನ್ನು ಇಲ್ಲಿ ಒತ್ತಿ ಹೇಳುತ್ತೇನೆ.

ಮನೆಯ ದಿನಚರಿ ನಿಧಾನವಾಗಿ ಹೀಗೆ ರೂಪುಗೊಂಡಿತು. ನೀರನ್ನು ಕಡಿಮೆ ಮಾಡಲಿಲ್ಲ, ಹೊತ್ತನ್ನು ಬದಲಿಸಿದೆ: ಹೆಚ್ಚಿನ ಪಾಲು ಸಂಜೆ ಆರರೊಳಗೆ, ಮಲಗುವ ಎರಡು ಗಂಟೆ ಮುಂಚಿನಿಂದ ಬರಿಯ ಗುಟುಕು. ಮೈಸೂರಿನವನಿಗೆ ಸಂಜೆಯ ಫಿಲ್ಟರ್ ಕಾಫಿಯನ್ನು ಬಿಡುವುದು ಮಾತ್ರೆ ನುಂಗಿದಷ್ಟು ಸುಲಭವಲ್ಲ. ಬೆಳಗಿನದನ್ನು ಉಳಿಸಿಕೊಂಡು ನಾಲ್ಕು ಗಂಟೆಯದನ್ನು ಅರ್ಧ ಲೋಟಕ್ಕೆ ಇಳಿಸಿ, ಏಳು ಗಂಟೆಯದನ್ನು ನಿಲ್ಲಿಸಿದೆ. ನಿಂತು ಮೂತ್ರ ಮಾಡುವ ಬದಲು ಕಮೋಡಿನ ಮೇಲೆ ಆರಾಮವಾಗಿ ಕುಳಿತು, ಮುಗಿದ ಮೇಲೆ ಅರ್ಧ ನಿಮಿಷ ಕಾದು ಮತ್ತೊಮ್ಮೆ ಪ್ರಯತ್ನಿಸಿದರೆ ಇನ್ನಷ್ಟು ಖಾಲಿಯಾಗುತ್ತದೆ. ಪಂಚೆಯ ಮೇಲಿನ ಹನಿಗಳಿಗೆ ಉಪಾಯವೆಂದರೆ ವೃಷಣದ ಹಿಂಭಾಗವನ್ನು ಬೆರಳಿನಿಂದ ಮೃದುವಾಗಿ ಒತ್ತಿ ಮುಂದಕ್ಕೆ ಸವರುವುದು. ನಾಳದಲ್ಲಿ ನಿಂತಿದ್ದದ್ದು ಅಲ್ಲೇ ಹೊರಬಂದುಬಿಡುತ್ತದೆ. ಮಲಬದ್ಧತೆಯಾದರೆ ತುಂಬಿದ ಕರುಳು ಮೂತ್ರಕೋಶವನ್ನು ಒತ್ತುವುದರಿಂದ ಸೊಪ್ಪಿನ ಸಾರು, ಪರಂಗಿಹಣ್ಣು ನಿತ್ಯದ ಊಟದಲ್ಲಿ ಸೇರಿದವು. ನೆಗಡಿಯಾದಾಗ ಅಂಗಡಿಯಲ್ಲಿ ಸಿಗುವ ಮಾತ್ರೆಗಳ ಬಗ್ಗೆ ಎಚ್ಚರ ಬೇಕು: ಫಿನೈಲೆಫ್ರಿನ್, ಸ್ಯೂಡೋಎಫೆಡ್ರಿನ್, ಕ್ಲೋರ್‌ಫೆನಿರಮಿನ್ ಇರುವಂಥವು ಮೂತ್ರವನ್ನು ಪೂರ್ತಿ ಕಟ್ಟಿಬಿಡಬಲ್ಲವು. ಔಷಧಿ ಅಂಗಡಿಯವರಿಗೆ "ಪ್ರಾಸ್ಟೇಟ್ ಇದೆ" ಎಂದು ಹೇಳಿಯೇ ಮಾತ್ರೆ ಕೇಳುವುದು ನನಗೀಗ ರೂಢಿಯಾಗಿದೆ.

ಸಲಹೆಗಾರರಿಗೆ ಬರವಿರಲಿಲ್ಲ. ಪಕ್ಕದ ಮನೆಯವರು "ಮೇಷ್ಟ್ರೇ, ನೆಗ್ಗಿಲು ಕಷಾಯ ಕುಡೀರಿ, ಮಾತ್ರೆ ಎಲ್ಲ ಬಿಸಾಕಿ" ಎಂದರು. ಮಲಗುವ ಮುಂಚೆ ದೊಡ್ಡ ಲೋಟ ಕಷಾಯ ಕುಡಿದರೆ ರಾತ್ರಿ ಏಳದೆ ಇನ್ನೇನು ಮಾಡಬೇಕು ಎಂದು ಅವರನ್ನು ಕೇಳಲಿಲ್ಲ, ಸುಮ್ಮನೆ ತಲೆಯಾಡಿಸಿದೆ. ದುಬಾರಿ ಬೆಲೆಗೆ ಮಾರುವ ಸಾ ಪಾಲ್ಮೆಟೊ ಎಂಬ ಸಸ್ಯಸಾರದ ಗುಳಿಗೆಯನ್ನು ಸ್ನೇಹಿತರೊಬ್ಬರು ಹೊಗಳಿದ್ದರು. 2006 ಮತ್ತು 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳಲ್ಲಿ ಅದು ಹುಸಿಗುಳಿಗೆಗಿಂತ ಹೆಚ್ಚೇನೂ ಕೆಲಸ ಮಾಡಲಿಲ್ಲ ಎಂದು ತಜ್ಞರು ತಿಳಿಸಿದ ಮೇಲೆ ಆ ಹಣ ಉಳಿಯಿತು.

ಮನಸ್ಸಿನ ಒತ್ತಡಕ್ಕೆ ಬೇರೆಯದೇ ಕೆಲಸ ಬೇಕಾಯಿತು. ಕುಕ್ಕರಹಳ್ಳಿ ಕೆರೆಯ ಸುತ್ತ ಬೆಳಗಿನ ನಡಿಗೆ, ಮಲಗುವ ಮುಂಚೆ ಒಳಗೆಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಉಸಿರು ಬಿಡುವ ಅಭ್ಯಾಸ, ಈ ಎರಡರಿಂದ ನಿದ್ದೆ ಸುಧಾರಿಸಿತು. ದಿಢೀರನೆ ಅವಸರವಾದಾಗ ಬಚ್ಚಲಿಗೆ ಓಡಿದರೆ ಅವಸರ ಇನ್ನೂ ಹೆಚ್ಚುತ್ತದೆ. ಇದ್ದಲ್ಲೇ ನಿಂತು, ವಾಯು ತಡೆಯುವಾಗ ಬಿಗಿಹಿಡಿಯುವ ಸ್ನಾಯುವನ್ನು ನಾಲ್ಕಾರು ಬಾರಿ ಬೇಗಬೇಗ ಬಿಗಿದು ಬಿಟ್ಟು, ನೂರರಿಂದ ಏಳೇಳು ಕಳೆಯುತ್ತ ಬಂದರೆ ಅವಸರದ ಅಲೆ ಇಳಿಯುತ್ತದೆ, ಆಮೇಲೆ ನಡೆದೇ ಹೋಗಬಹುದು. ಕಷ್ಟವಾದದ್ದು ಹೊರಗೆ ಹೋಗುವುದು. ಮದುವೆ ಛತ್ರಕ್ಕೆ ಹೋದರೆ ಮೊದಲು ಕಣ್ಣು ಹುಡುಕುತ್ತಿದ್ದದ್ದು ಮದುಮಕ್ಕಳನ್ನಲ್ಲ. ಬೆಂಗಳೂರಿಗೆ ತಡೆರಹಿತ ಬಸ್ಸಿನ ಮೂರು ಗಂಟೆ ನೆನೆದರೇ ಬೆವರುತ್ತಿತ್ತು, ಹಾಗಾಗಿ ಶೌಚಾಲಯವಿರುವ ರೈಲನ್ನೇ ಹಿಡಿಯತೊಡಗಿದೆ. ಆ ವರ್ಷದ ದಸರೆಯಲ್ಲಿ ಜಂಬೂಸವಾರಿ ನೋಡಲು ಮೊಮ್ಮಗಳು ಕರೆದಾಗ, ಜನಜಂಗುಳಿಯ ನಡುವೆ ಗಂಟೆಗಟ್ಟಲೆ ಕೂರುವ ಧೈರ್ಯವಾಗದೆ ಟಿವಿಯಲ್ಲೇ ನೋಡಿದೆ. "ತಾತ ಯಾಕೆ ಬರಲ್ಲ?" ಎಂದು ಅವಳು ಕೇಳಿದಾಗ ಸೊಸೆ ಕಾಲುನೋವೆಂದು ಹೇಳಿದಳು. ಆ ಸುಳ್ಳಿನಲ್ಲಿ ನನಗೂ ಪಾಲಿತ್ತು, ಅದು ಹಬ್ಬ ಮುಗಿದರೂ ಚುಚ್ಚುತ್ತಲೇ ಇತ್ತು. ಆಮೇಲೆ ಮನೆಯವರೆಲ್ಲರಿಗೂ ವಿಷಯವನ್ನು ನೇರವಾಗಿ ಹೇಳಿದೆ. ಕಾರಿನಲ್ಲಿ ಹೋಗುವಾಗ ಎಲ್ಲಿ ನಿಲ್ಲಿಸಬೇಕೆಂದು ಈಗ ಮಗನೇ ಕೇಳುತ್ತಾನೆ.

ಎರಡನೆಯ ಪಿಎಸ್‌ಎ ಪರೀಕ್ಷೆಗೆ ಎರಡು ದಿನ ಮುಂಚಿನಿಂದ ಸೈಕಲ್ ತುಳಿಯುವುದು, ದಾಂಪತ್ಯ ಸಂಪರ್ಕ ಬೇಡವೆಂದರು. ಫಲಿತಾಂಶ 3.1. ಫೋನಿನಲ್ಲಿ ಆ ಸಂಖ್ಯೆಯನ್ನು ಓದಿ ಪತ್ನಿಗೆ ತೋರಿಸಿದೆ. ಅವಳು ಒಲೆ ಆರಿಸಿ, ಕನ್ನಡಕ ಹಾಕಿಕೊಂಡು, ಇನ್ನೊಮ್ಮೆ ಓದಿದಳು. ಇಲ್ಲಿಂದ ಮುಂದೆ ವೈದ್ಯರು ಡ್ಯುಟಾಸ್ಟರೈಡ್ 0.5 ಮಿಲಿಗ್ರಾಂ ಸೇರಿಸಿದರು. ಮೊದಲೇ ಯಾಕೆ ಕೊಡಲಿಲ್ಲವೆಂದು ಕೇಳಿದ್ದಕ್ಕೆ, ಈ ಮಾತ್ರೆ ಗ್ರಂಥಿಯನ್ನು ಕುಗ್ಗಿಸುವುದರ ಜೊತೆಗೆ ಪಿಎಸ್‌ಎಯನ್ನೂ ಸುಮಾರು ಅರ್ಧಕ್ಕೆ ಇಳಿಸುತ್ತದೆ, ನಿಜವಾದ ಅಂಕಿ ತಿಳಿಯದೆ ಶುರುಮಾಡಿದರೆ ಲೆಕ್ಕ ತಪ್ಪುತ್ತದೆ ಎಂದರು. ಇದರ ಗುಣ ಕಾಣಲು ಆರು ತಿಂಗಳು ಬೇಕು. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗುತ್ತದೆ. ಗರ್ಭಿಣಿಯರು ಒಡೆದ ಗುಳಿಗೆಯನ್ನು ಮುಟ್ಟಬಾರದು ಎಂಬುದನ್ನು ಮನೆಯಲ್ಲಿ ಎಲ್ಲರಿಗೂ ತಿಳಿಸಿಡಬೇಕು.

ಖರ್ಚಿನ ವಿಷಯ. ಆರೋಗ್ಯ ವಿಮೆಯಿದ್ದರೂ ಅದು ಆಸ್ಪತ್ರೆಯಲ್ಲಿ ದಾಖಲಾದರೆ ಮಾತ್ರ ಎಂದಿದ್ದರಿಂದ ಪರೀಕ್ಷೆ, ಮಾತ್ರೆ, ವೈದ್ಯರ ಶುಲ್ಕವೆಲ್ಲ ಕೈಯಿಂದಲೇ ಹೋಯಿತು. ಹೊಸದಾಗಿ ವಿಮೆ ಮಾಡಿಸುವವರು ಪ್ರಾಸ್ಟೇಟಿಗೆ ಕಾಯುವ ಅವಧಿ ಎಷ್ಟೆಂದು ಓದಿಕೊಳ್ಳಬೇಕು. ಅನೇಕ ಪಾಲಿಸಿಗಳಲ್ಲಿ ಅದು ಎರಡು ವರ್ಷ. ಮಾತ್ರೆಗಳನ್ನು ಜನೌಷಧಿ ಕೇಂದ್ರದಲ್ಲಿ ಕೊಳ್ಳತೊಡಗಿದ ಮೇಲೆ ತಿಂಗಳ ಖರ್ಚು ಅರ್ಧಕ್ಕಿಂತ ಕೆಳಗಿಳಿಯಿತು. ಅಲ್ಲಿ ಕೆಲವೊಮ್ಮೆ ದಾಸ್ತಾನು ಇರುವುದಿಲ್ಲವಾದ್ದರಿಂದ ಹತ್ತು ದಿನದ ಮಾತ್ರೆ ಉಳಿದಿರುವಾಗಲೇ ಹೋಗುವುದು ಒಳ್ಳೆಯದು, ವೈದ್ಯರ ಚೀಟಿಯಲ್ಲಿ ಔಷಧದ ಮೂಲ ಹೆಸರನ್ನೇ ಬರೆಸಿಕೊಳ್ಳಬೇಕು.

ಮನೆಯ ಆರೈಕೆಗೆ ಎಲ್ಲೆಯಿದೆ. ಹೊಟ್ಟೆ ಉಬ್ಬಿ ನೋಯುತ್ತಿದ್ದರೂ ಮೂತ್ರ ಬಾರದಿದ್ದರೆ, ಮೂತ್ರದಲ್ಲಿ ರಕ್ತ ಕಂಡರೆ, ಚಳಿಜ್ವರದೊಂದಿಗೆ ಉರಿ ಬಂದರೆ ರಾತ್ರಿಯಾಗಿದ್ದರೂ ಆಸ್ಪತ್ರೆಗೆ ಹೋಗಬೇಕು, ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆಯ ತುರ್ತು ವಿಭಾಗ ಇದೆ, ಮಂಡ್ಯದವರಿಗೆ ಮಿಮ್ಸ್ ಆಸ್ಪತ್ರೆ. ಮೂತ್ರ ಪದೇ ಪದೇ ಕಟ್ಟುವುದು, ಮೂತ್ರಕೋಶದಲ್ಲಿ ಕಲ್ಲು, ಮರಳಿ ಮರಳಿ ಸೋಂಕು, ಮೂತ್ರಪಿಂಡಕ್ಕೆ ಹಾನಿ, ನಿಲ್ಲದ ರಕ್ತಸ್ರಾವ, ಇವುಗಳಲ್ಲಿ ಯಾವುದಿದ್ದರೂ ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತ ಹೋಗುವುದು ಜಾಣತನವಲ್ಲ. ನನಗೆ ಇವ್ಯಾವುದೂ ಇಲ್ಲದಿದ್ದರಿಂದಲೇ ಮನೆಯ ದಾರಿ ತೆರೆಯಿತು.

ಕಳೆದ ವಾರದ ತಪಾಸಣೆಯಲ್ಲಿ ವೇಗ 13, ಉಳಿಕೆ 40 ಮಿಲಿಲೀಟರ್, ಏಳು ಪ್ರಶ್ನೆಗಳ ಅಂಕ 9. ರಾತ್ರಿ ಒಮ್ಮೆ ಏಳುತ್ತೇನೆ, ಎದ್ದು ಬಂದು ಮತ್ತೆ ನಿದ್ದೆ ಹೋಗುತ್ತೇನೆ. ಪಿಎಸ್‌ಎ 1.6 ಬಂದಿತ್ತು, ಡ್ಯುಟಾಸ್ಟರೈಡ್ ತೆಗೆದುಕೊಳ್ಳುತ್ತಿರುವುದರಿಂದ ಅದನ್ನು ಇಮ್ಮಡಿಸಿ 3.2 ಎಂದು ಓದಬೇಕು, ಇಳಿದಿದ್ದ ಅಂಕಿ ಮತ್ತೆ ಏರತೊಡಗಿದರೆ ಆಗ ಬರಬೇಕು ಎಂದು ವೈದ್ಯರು ಹೇಳಿದರು. ಬೇರೆ ಊರಿನಲ್ಲಿ ಬೇರೆ ವೈದ್ಯರು ನೋಡಿದರೂ ತಿಳಿಯಲೆಂದು ಈ ಮಾತನ್ನು ಮಾತ್ರೆ ಶುರುವಾದ ತಾರೀಖಿನೊಂದಿಗೆ ಫೈಲಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಮುಂದಿನ ಪಿಎಸ್‌ಎ, ಕ್ರಿಯಾಟಿನಿನ್ ಮತ್ತು ಸ್ಕ್ಯಾನಿಂಗ್ ಇನ್ನೊಂದು ವರ್ಷಕ್ಕೆ.